ಕಿರುತೆರೆಯ ರಾಜಕೀಯ ಪತ್ರಕರ್ತನ ಹಿರಿತನ: ಎಚ್.ಆರ್. ರಂಗನಾಥ್ ಅವರ ವೃತ್ತಿಪಥ ಮತ್ತು ಕೊಲ್ಹಾರದ ಒರೆಗಲ್ಲು

ಕನ್ನಡ ಪತ್ರಿಕೋದ್ಯಮದ ಅಧ್ಯಯನದಲ್ಲಿ ಪತ್ರಕರ್ತರ ಜೀವನ-ಸಾಧನೆಗಳ ವಿವೇಚನೆಗೆ ಒಂದು ಪರಂಪರೆಯೇ ಇದೆ. ಡಿ.ವಿ. ಗುಂಡಪ್ಪ, ಖಾದ್ರಿ ಶಾಮಣ್ಣ, ಪಾಟೀಲ ಪುಟ್ಟಪ್ಪ ಮೊದಲಾದವರ ಬರಹಗಳು ಅಚ್ಚಿನಲ್ಲಿ ಉಳಿದಿರುವುದರಿಂದ ಅವರ ನಿಲುವುಗಳು ಕಾಲಕಾಲಕ್ಕೆ ಹೇಗೆ ಬದಲಾದವು, ಎಲ್ಲಿ ಗಟ್ಟಿಯಾಗಿ ನಿಂತವು ಎಂಬುದನ್ನು ಪುಟ ತಿರುವಿ ನೋಡಬಹುದು. ವಿಜಯಪುರದಿಂದ ಹೊರಡುತ್ತಿದ್ದ ‘ಕರ್ನಾಟಕ ವೈಭವ’ವನ್ನು ನಡೆಸಿ, ಮುಂದೆ ‘ಸಂಯುಕ್ತ ಕರ್ನಾಟಕ’ದ ಸಂಪಾದಕರಾದ ಮೊಹರೆ ಹಣಮಂತರಾಯರನ್ನು ಕುರಿತು ಇಂದಿಗೂ ಖಚಿತವಾಗಿ ಮಾತನಾಡಲು ಸಾಧ್ಯವಾಗಿರುವುದು ಅವರ ಬರವಣಿಗೆಯ ಬಲದಿಂದಲೇ. ದೂರದರ್ಶನ ವಾಹಿನಿಗಳ ಪತ್ರಕರ್ತನಿಗೆ ಈ ಅನುಕೂಲವಿಲ್ಲ. ಆತ ಆಡಿದ ಮಾತು ಆ ರಾತ್ರಿಯೇ ಗಾಳಿಯಲ್ಲಿ ಕರಗುತ್ತದೆ. ಅದರಿಂದಾಗಿ ಆತನ ಮೌಲ್ಯಮಾಪನವು ಒಂದೋ ಅಭಿಮಾನಿಗಳ ಹೊಗಳಿಕೆಯಾಗುತ್ತದೆ, ಇಲ್ಲವೇ ಆತನ ಹಾವಭಾವಗಳ ಅಣಕವಾಗುತ್ತದೆ. ಇವೆರಡೂ ವಿಮರ್ಶೆಯಲ್ಲ.

ಕನ್ನಡದ ಸುದ್ದಿವಾಹಿನಿಗಳು ಹುಟ್ಟಿ ಎರಡು ದಶಕಗಳಾಗುತ್ತ ಬಂದಿರುವ ಈ ಹೊತ್ತಿನಲ್ಲಿ, ಆ ಕ್ಷೇತ್ರದ ‘ಹಿರಿತನ’ ಎಂದರೇನು ಎಂಬ ಪ್ರಶ್ನೆಯನ್ನು ಎತ್ತಿಕೊಳ್ಳುವುದು ಪ್ರಸ್ತುತ ಲೇಖನದ ಉದ್ದೇಶ. ಇದಕ್ಕೆ ಮುಖ್ಯ ನಿದರ್ಶನವಾಗಿ ಪಬ್ಲಿಕ್ ಟಿವಿಯ ಸ್ಥಾಪಕ ಮತ್ತು ಸಂಪಾದಕರಾದ ಎಚ್.ಆರ್. ರಂಗನಾಥ್ ಅವರ ವೃತ್ತಿಜೀವನವನ್ನು ಆರಿಸಿಕೊಳ್ಳಲಾಗಿದೆ. ಪತ್ರಿಕೆ, ಅನ್ಯರ ಒಡೆತನದ ವಾಹಿನಿ, ತಾವೇ ಕಟ್ಟಿದ ವಾಹಿನಿ—ಹೀಗೆ ಮೂರು ಘಟ್ಟಗಳನ್ನು ದಾಟಿ ಬಂದವರು ಅವರು. ಈ ವೃತ್ತಿಜೀವನವನ್ನು ಬೆಂಗಳೂರಿನಿಂದ ನೋಡುವುದು ರೂಢಿ. ಇಲ್ಲಿ ಅದನ್ನು ಕೃಷ್ಣೆಯ ದಡದ ಕೊಲ್ಹಾರದಿಂದ ನೋಡಲಾಗಿದೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೆಯ ಊರನ್ನು ಬಿಟ್ಟುಕೊಟ್ಟು ಪುನರ್ವಸತಿ ಕೇಂದ್ರದಲ್ಲಿ ಮತ್ತೆ ಕಟ್ಟಿಕೊಂಡ ಈ ಊರು, ಬಹುಕಾಲ ಬಸವನ ಬಾಗೇವಾಡಿ ತಾಲೂಕಿಗೆ ಸೇರಿದ್ದು, 2017ರ ಆಯವ್ಯಯದಲ್ಲಿ ಘೋಷಿತವಾದ ಹೊಸ ತಾಲೂಕುಗಳ ಪಟ್ಟಿಯಲ್ಲಿ ಸ್ಥಾನ ಪಡೆಯಿತು. ಮಡಕೆಯ ಗಟ್ಟಿ ಮೊಸರಿನಿಂದ ಹೊರಗಿನವರಿಗೆ ಪರಿಚಿತವಾಗಿರುವ ಈ ಊರಿನವರ ಬದುಕನ್ನು ನಿರ್ಧರಿಸಿದ್ದು ಮಾತ್ರ ಅಪ್ಪಟ ರಾಜಕಾರಣವೇ: ಅಂತರರಾಜ್ಯ ಜಲವಿವಾದ, ನ್ಯಾಯಮಂಡಳಿಯ ತೀರ್ಪು, ಭೂಸ್ವಾಧೀನ, ಪರಿಹಾರದ ದರ. ರಾಜಕೀಯ ಪತ್ರಿಕೋದ್ಯಮದ ಹಿರಿತನವನ್ನು ತಿಕ್ಕಿ ನೋಡಲು ಇದಕ್ಕಿಂತ ತಕ್ಕ ಒರೆಗಲ್ಲು ಬೇರೆ ಬೇಕಿಲ್ಲ.

ಸರಕಾರದ ತೆರೆಯಿಂದ ಖಾಸಗಿ ತೆರೆಗೆ

ಕರ್ನಾಟಕಕ್ಕೆ ದೂರದರ್ಶನ ಮೊದಲು ಬಂದದ್ದು ರಾಜಧಾನಿಗಲ್ಲ, ಈ ಭಾಗದ ಹಳ್ಳಿಗಳಿಗೆ ಎಂಬುದು ಗಮನಾರ್ಹ. ‘ಸೈಟ್’ ಎಂದು ಹೆಸರಾದ ಉಪಗ್ರಹ ಬೋಧನಾ ಪ್ರಯೋಗವು 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ನಡೆಯಿತು. ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ನೇರವಾಗಿ ಹಳ್ಳಿಯ ಸಮುದಾಯ ಪೆಟ್ಟಿಗೆಗಳಿಗೆ ಚಿತ್ರ ಬರುತ್ತಿತ್ತು. ಕರ್ನಾಟಕದಲ್ಲಿ ಇದಕ್ಕೆ ಆಯ್ಕೆಯಾದವು ಅಂದಿನ ಬಿಜಾಪುರ, ಗುಲಬರ್ಗಾ ಮತ್ತು ರಾಯಚೂರು ಜಿಲ್ಲೆಗಳ ಹಳ್ಳಿಗಳು. ಕೃಷಿ, ಆರೋಗ್ಯ, ಕುಟುಂಬ ಯೋಜನೆ, ಮಕ್ಕಳ ಶಿಕ್ಷಣ ಇವು ಅದರ ವಸ್ತು. 1977ರಲ್ಲಿ ಗುಲಬರ್ಗಾದಲ್ಲಿ ಕೇಂದ್ರ ಆರಂಭವಾಯಿತು. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರ ನವೆಂಬರ್ 1ರಂದು.

ಈ ಕಾಲಾನುಕ್ರಮದಲ್ಲಿ ಇನ್ನೊಂದು ಸಂಗತಿ ಅಡಗಿದೆ. 1975ರ ಜೂನ್ 25ರಂದು ತುರ್ತುಪರಿಸ್ಥಿತಿ ಜಾರಿಯಾದ ಐದೇ ವಾರಗಳಲ್ಲಿ ಈ ಪ್ರಯೋಗ ಮೊದಲಾಯಿತು. ಪತ್ರಿಕೆಗಳ ಬಾಯಿಗೆ ಬೀಗ ಬಿದ್ದಿದ್ದ ಕಾಲದಲ್ಲಿ ಬಿಜಾಪುರದ ಹಳ್ಳಿಗಳು ಕಂಡ ಮೊದಲ ತೆರೆ ಸರಕಾರದ ತೆರೆ. ಅದರಲ್ಲಿ ಸರಕಾರವು ಜನರಿಗೆ ಹೇಳುತ್ತಿತ್ತು. ಜನರ ಪರವಾಗಿ ಸರಕಾರವನ್ನು ಕೇಳುವ ವ್ಯಕ್ತಿಗೆ ಅಲ್ಲಿ ಸ್ಥಾನವಿರಲಿಲ್ಲ. ಮುಂದಿನ ಹದಿನೈದು ವರ್ಷಗಳವರೆಗೂ ದೂರದರ್ಶನದಲ್ಲಿ ವಾರ್ತೆ ಓದುವವರಿದ್ದರೇ ಹೊರತು ರಾಜಕೀಯ ಪತ್ರಕರ್ತ ಎಂಬ ವ್ಯಕ್ತಿತ್ವ ರೂಪುಗೊಳ್ಳಲಿಲ್ಲ. ರಾಷ್ಟ್ರೀಯ ಮಟ್ಟದಲ್ಲಿ ಪ್ರಣಯ್ ರಾಯ್ ಮತ್ತು ವಿನೋದ್ ದುವಾ ಅವರು ಮತ ಎಣಿಕೆಯ ವಿಶ್ಲೇಷಣೆಯ ಮೂಲಕ ಆ ವ್ಯಕ್ತಿತ್ವಕ್ಕೆ ಮೊದಲ ರೂಪ ಕೊಟ್ಟರು. ಆಕಾಶ ತರಂಗಗಳು ಸಾರ್ವಜನಿಕ ಸ್ವತ್ತು, ಅವುಗಳ ಮೇಲೆ ಸರಕಾರದ ಏಕಸ್ವಾಮ್ಯವಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 1995ರ ಫೆಬ್ರುವರಿಯಲ್ಲಿ ತೀರ್ಪಿತ್ತ ಮೇಲೆ ದಾರಿ ಇನ್ನಷ್ಟು ತೆರೆಯಿತು.

ಕನ್ನಡದಲ್ಲಿ 1994ರಲ್ಲಿ ಉದಯ, 2000ದ ಡಿಸೆಂಬರ್‌ನಲ್ಲಿ ಈಟಿವಿ ಕನ್ನಡ ಬಂದವು. ಆದರೆ ಇಲ್ಲಿ ಸುದ್ದಿಯು ಮನರಂಜನೆಯ ನಡುವಿನ ಅರ್ಧ ತಾಸಿನ ಪಾಲು ಮಾತ್ರ. 2006ರ ಕೊನೆಯಲ್ಲಿ ಟಿವಿ9, 2008ರಲ್ಲಿ ಸುವರ್ಣ ನ್ಯೂಸ್ ಆರಂಭವಾದಾಗ ಚಿತ್ರ ಬದಲಾಯಿತು. ಆ ಹೊತ್ತಿಗೆ ಕರ್ನಾಟಕದ ರಾಜಕಾರಣವೂ ತೆರೆಗೆ ಹೇಳಿ ಮಾಡಿಸಿದಂತಾಗಿತ್ತು. 2006ರ ಫೆಬ್ರುವರಿಯಲ್ಲಿ ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾದದ್ದು, 2007ರ ಅಕ್ಟೋಬರ್‌ನಲ್ಲಿ ಅಧಿಕಾರ ಹಸ್ತಾಂತರದ ಬಿಕ್ಕಟ್ಟು, ನವೆಂಬರ್‌ನಲ್ಲಿ ಬಿ.ಎಸ್. ಯಡಿಯೂರಪ್ಪನವರ ಒಂದು ವಾರದ ಸರಕಾರ, 2010ರ ಅಕ್ಟೋಬರ್‌ನ ವಿಶ್ವಾಸಮತದ ಗದ್ದಲ—ಇವೆಲ್ಲ ಗಂಟೆಗೊಂದು ತಿರುವು ಪಡೆಯುವ ಘಟನೆಗಳು. ಇಪ್ಪತ್ತನಾಲ್ಕು ಗಂಟೆಗಳ ವಾಹಿನಿಗೆ ಇಪ್ಪತ್ತನಾಲ್ಕು ಗಂಟೆಗಳ ರಾಜಕಾರಣ ದೊರೆಯಿತು. ಇವೆರಡೂ ಒಂದನ್ನೊಂದು ಸಾಕಿದವು.

ಪತ್ರಿಕೆ ಕೊಟ್ಟ ಬಂಡವಾಳ

ಈ ಹೊಸ ವಾಹಿನಿಗಳಿಗೆ ಯಂತ್ರಗಳನ್ನು ಕೊಳ್ಳುವುದು ಸುಲಭವಾಗಿತ್ತು. ರಾಜಕಾರಣವನ್ನು ಬಲ್ಲ ಮುಖಗಳನ್ನು ತರುವುದು ಸುಲಭವಿರಲಿಲ್ಲ. ಆ ಕೊರತೆಯನ್ನು ತುಂಬಿದ್ದು ಪತ್ರಿಕೆಗಳು. ರಂಗನಾಥ್ ಅವರು ‘ಕನ್ನಡಪ್ರಭ’ದಲ್ಲಿ ದೀರ್ಘಕಾಲ ದುಡಿದು ಅದರ ಸಂಪಾದಕ ಸ್ಥಾನಕ್ಕೇರಿದವರು, ಅಲ್ಲಿಂದ ಸುವರ್ಣ ನ್ಯೂಸ್‌ನ ಹೊಣೆಗೆ ಬಂದರು. ‘ವಿಜಯ ಕರ್ನಾಟಕ’ದ ಸಂಪಾದಕರಾಗಿದ್ದ ವಿಶ್ವೇಶ್ವರ ಭಟ್ಟರೂ ಮುಂದೆ ‘ಕನ್ನಡಪ್ರಭ’ದ ಜೊತೆಗೆ ಅದೇ ವಾಹಿನಿಯ ಹೊಣೆ ಹೊತ್ತರು. ಹೀಗೆ ಕನ್ನಡದ ಕಿರುತೆರೆಯ ಮೊದಲ ತಲೆಮಾರಿನ ರಾಜಕೀಯ ವ್ಯಾಖ್ಯಾನಕಾರರಲ್ಲಿ ಪ್ರಮುಖರು ಅಚ್ಚಿನ ಮನೆಯಲ್ಲಿ ಬೆಳೆದವರು.

ಪತ್ರಿಕೆಯಿಂದ ಬಂದವರು ತಮ್ಮೊಡನೆ ತಂದದ್ದು ಏನನ್ನು? ಭಾಷೆಯ ಹಿಡಿತವೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಅದಕ್ಕಿಂತ ಮುಖ್ಯವಾದದ್ದು ನೆನಪು. ಒಬ್ಬ ಶಾಸಕ ಹಿಂದೆ ಯಾವ ಪಕ್ಷದಲ್ಲಿದ್ದ, ಯಾವ ಸಭೆಯಲ್ಲಿ ಯಾವ ಮಾತು ಕೊಟ್ಟ, ಯಾವ ಆಯೋಗದ ವರದಿ ಯಾವ ಕಪಾಟಿನಲ್ಲಿ ಉಳಿಯಿತು ಎಂಬ ಅರಿವು ವರ್ಷಗಟ್ಟಲೆ ವಿಧಾನಸೌಧದ ಮೊಗಸಾಲೆಯಲ್ಲಿ ತಿರುಗಿದವನಿಗೆ ಮಾತ್ರ ಬರುವಂಥದು. ರಾಜಕಾರಣಿ ಮರೆವಿನ ಮೇಲೆ ಬದುಕುತ್ತಾನೆ. ಪತ್ರಕರ್ತ ನೆನಪಿನ ಮೇಲೆ. ಹಿರಿಯ ರಾಜಕೀಯ ಪತ್ರಕರ್ತನ ಬಂಡವಾಳವೆಂದರೆ ಈ ನೆನಪೇ ಎಂದು ಒಪ್ಪಿಕೊಂಡರೆ, ಕಿರುತೆರೆಯು ಆ ಬಂಡವಾಳವನ್ನು ಬೆಳೆಸಿತೇ ಅಥವಾ ಕರಗಿಸಿತೇ ಎಂಬುದೇ ಇಲ್ಲಿನ ಮೂಲ ಪ್ರಶ್ನೆಯಾಗುತ್ತದೆ.

ಒಡೆತನದ ಪ್ರಶ್ನೆ

ಸುದ್ದಿವಾಹಿನಿ ದುಬಾರಿ ಉದ್ಯಮ. ಅದಕ್ಕೆ ಹಣ ಹೂಡುವವರು ಸಹಜವಾಗಿಯೇ ರಾಜಕಾರಣದ ಆಸುಪಾಸಿನವರು. ಸುವರ್ಣ ನ್ಯೂಸ್‌ನ ಒಡೆತನವಿದ್ದುದು ಕರ್ನಾಟಕದಿಂದ 2006ರಲ್ಲಿ ರಾಜ್ಯಸಭೆಗೆ ಆಯ್ಕೆಯಾದ ರಾಜೀವ್ ಚಂದ್ರಶೇಖರ್ ಅವರ ಉದ್ಯಮ ಸಮೂಹದ ಕೈಯಲ್ಲಿ. ಕಸ್ತೂರಿ ವಾಹಿನಿ ಕುಮಾರಸ್ವಾಮಿ ಕುಟುಂಬದ್ದು. ಇಂತಹ ಸನ್ನಿವೇಶದಲ್ಲಿ ಪತ್ರಕರ್ತನೊಬ್ಬ ತಾನೇ ಮುಂದೆ ನಿಂತು ವಾಹಿನಿಯನ್ನು ಕಟ್ಟುವುದು ಸಣ್ಣ ಸಾಹಸವಲ್ಲ. 2012ರ ಫೆಬ್ರುವರಿ 12ರಂದು ಪಬ್ಲಿಕ್ ಟಿವಿ ಆರಂಭವಾದಾಗ ಅದು ಯಾರೊಬ್ಬರ ಆಸ್ತಿಯೂ ಅಲ್ಲ, ನೋಡುಗರದು ಎಂಬ ಆಶಯವನ್ನೇ ತನ್ನ ಗುರುತಾಗಿ ಮುಂದಿಟ್ಟಿತು. ಪಕ್ಷದ, ಉದ್ಯಮಿಯ ಹಂಗಿಲ್ಲದ ಸುದ್ದಿಗಾಗಿ ಕಾದಿದ್ದ ನೋಡುಗರಿಗೆ ಈ ಮಾತು ಹಿಡಿಸಿತು. ಕನ್ನಡ ಪತ್ರಿಕೋದ್ಯಮದಲ್ಲಿ ಸಂಪಾದಕನೇ ಒಡೆಯನಾಗುವ ಪದ್ಧತಿ ಹೊಸದಲ್ಲ. ವಾರಪತ್ರಿಕೆಗಳ ಲೋಕದಲ್ಲಿ ಪಿ. ಲಂಕೇಶ್ ಅದನ್ನು ಜಾಹೀರಾತಿನ ನೆರವೂ ಇಲ್ಲದೆ ನಡೆಸಿ ತೋರಿಸಿದ್ದರು. ವೆಚ್ಚ ಹಲವು ಪಟ್ಟು ಹೆಚ್ಚಿರುವ ದೃಶ್ಯಮಾಧ್ಯಮದಲ್ಲಿ ಆ ಪದ್ಧತಿಯನ್ನು ಒಂದು ದಶಕಕ್ಕೂ ಮೀರಿ ಉಳಿಸಿಕೊಂಡು ಬಂದದ್ದು ರಂಗನಾಥ್ ಅವರ ವೃತ್ತಿಜೀವನದ ನಿರ್ವಿವಾದ ಸಾಧನೆ.

ಆದರೆ ಒಡೆಯನ ಹಂಗು ತಪ್ಪಿದ ಮಾತ್ರಕ್ಕೆ ಎಲ್ಲ ಹಂಗೂ ತಪ್ಪುವುದಿಲ್ಲ. ಜಾಹೀರಾತು ಆಧಾರಿತ ವಾಹಿನಿಯು ವೀಕ್ಷಕ ಗಣನೆಯ ಹಂಗಿನಲ್ಲಿರುತ್ತದೆ. ಆ ಗಣನೆ ಯಾರನ್ನು ಎಣಿಸುತ್ತಿತ್ತು ಎಂಬುದನ್ನು ನೋಡಬೇಕು. ಟ್ಯಾಮ್ ಸಂಸ್ಥೆಯ ಕಾಲದಲ್ಲಿ ಎಣಿಕೆಯ ಯಂತ್ರಗಳಿದ್ದುದು ಪಟ್ಟಣಗಳ ಮನೆಗಳಲ್ಲಿ. ಗ್ರಾಮೀಣ ಭಾರತ ಆ ಲೆಕ್ಕದ ಹೊರಗಿತ್ತು. ಬಾರ್ಕ್ ಸಂಸ್ಥೆಯು ಗ್ರಾಮೀಣ ವೀಕ್ಷಣೆಯ ಅಂಕಿಗಳನ್ನು ಪ್ರಕಟಿಸತೊಡಗಿದ್ದು 2015ರ ಅಕ್ಟೋಬರ್‌ನಿಂದ. ಅಂದರೆ ಕನ್ನಡದ ಸುದ್ದಿವಾಹಿನಿಗಳು ತಮ್ಮ ಭಾಷೆ, ಗತಿ, ಆದ್ಯತೆಗಳನ್ನು ರೂಪಿಸಿಕೊಂಡ ಮೊದಲ ಒಂಬತ್ತು ವರ್ಷಗಳಲ್ಲಿ ಕೊಲ್ಹಾರದ ಸುತ್ತಲಿನ ಹಳ್ಳಿಯವನು ಟಿವಿ ನೋಡುತ್ತಿದ್ದ, ಆದರೆ ಎಣಿಕೆಯಲ್ಲಿ ಇರಲಿಲ್ಲ. 1975ರಲ್ಲಿ ದೇಶದ ಮೊದಲ ನೋಡುಗರ ಸಾಲಿನಲ್ಲಿ ಕುಳಿತಿದ್ದ ಜಿಲ್ಲೆ, 2006ರ ಹೊತ್ತಿಗೆ ಲೆಕ್ಕಕ್ಕೆ ಬಾರದ ನೋಡುಗರ ಜಿಲ್ಲೆಯಾಗಿತ್ತು. ಬೆಂಗಳೂರಿನ ಮಳೆಗೆ ಸಿಗುವ ಸಮಯ ಇಂಡಿ, ಸಿಂದಗಿಗಳ ಬರಕ್ಕೆ ಏಕೆ ಸಿಗುವುದಿಲ್ಲ ಎಂಬ ಹಳೆಯ ದೂರಿಗೆ ಉತ್ತರವನ್ನು ಪತ್ರಕರ್ತನ ಮನಸ್ಸಿನಲ್ಲಿ ಮಾತ್ರವಲ್ಲ, ಈ ಎಣಿಕೆಯ ಯಂತ್ರದಲ್ಲಿಯೂ ಹುಡುಕಬೇಕು.

ಮಾತಿನ ರೂಪ

ರಾತ್ರಿ ಒಂಬತ್ತರ ‘ಬಿಗ್ ಬುಲೆಟಿನ್’ ರಂಗನಾಥ್ ಅವರ ಹೆಸರಿನೊಡನೆ ಬೆಸೆದುಕೊಂಡ ಕಾರ್ಯಕ್ರಮ. ಸುದ್ದಿ ಓದುವ ಗ್ರಾಂಥಿಕ ಶೈಲಿಯನ್ನು ಬಿಟ್ಟು, ಮನೆಯ ಹಿರಿಯನೊಬ್ಬ ದಿನದ ಸಂಗತಿಗಳನ್ನು ಕೂಡಿಸಿ ಹೇಳುವ ಧಾಟಿ ಇದರದು. ಗಾದೆ, ಗದರಿಕೆ, ವ್ಯಂಗ್ಯ, ನಡುನಡುವೆ ಹಳೆಯ ಪ್ರಸಂಗದ ನೆನಪು ಇವೆಲ್ಲ ಅದರಲ್ಲಿ ಸೇರಿವೆ. ಸದನದ ನಿಯಮ, ಪಕ್ಷಾಂತರ ಕಾಯ್ದೆ, ರಾಜ್ಯಪಾಲರ ಅಧಿಕಾರ ಮೊದಲಾದ ಒಣ ವಿಷಯಗಳನ್ನು ಓದುಬರಹ ಕಡಿಮೆಯಿರುವ ನೋಡುಗನಿಗೂ ತಿಳಿಯುವಂತೆ ಹೇಳಬಲ್ಲ ಶಕ್ತಿ ಈ ಧಾಟಿಗಿದೆ. ದೂರದರ್ಶನದ ವಾರ್ತೆಯಲ್ಲಿ ರಾಜಕಾರಣವು ‘ಅವರ’ ವ್ಯವಹಾರವಾಗಿತ್ತು. ಈ ಶೈಲಿಯಲ್ಲಿ ಅದು ಕಟ್ಟೆಯ ಮೇಲಿನ ಮಾತಾಯಿತು. ಆಡಿದ ಕನ್ನಡ ಹಳೆ ಮೈಸೂರು ಸೀಮೆಯದಾದರೂ ಕೃಷ್ಣೆಯ ದಡದವರಿಗೂ ಅದು ಪರಕೀಯವೆನಿಸದಿರುವುದಕ್ಕೆ ಈ ಕಟ್ಟೆಯ ಗುಣವೇ ಕಾರಣ.

ಇದೇ ಧಾಟಿಯಲ್ಲಿ ಅಪಾಯವೂ ಅಡಗಿದೆ. ಕಟ್ಟೆಯ ಮಾತಿನಲ್ಲಿ ಸುದ್ದಿ ಎಲ್ಲಿ ಮುಗಿದು ಅಭಿಪ್ರಾಯ ಎಲ್ಲಿ ಮೊದಲಾಗುತ್ತದೆ ಎಂಬ ಗೆರೆ ಇರುವುದಿಲ್ಲ. ಪತ್ರಿಕೆಯಲ್ಲಿ ವರದಿಗೆ ಒಂದು ಪುಟ, ಸಂಪಾದಕೀಯಕ್ಕೆ ಇನ್ನೊಂದು ಪುಟ. ತೆರೆಯ ಮೇಲೆ ಎರಡಕ್ಕೂ ಒಂದೇ ಮುಖ, ಒಂದೇ ದನಿ. ಎದುರಿಗೆ ಪ್ರಶ್ನೆ ಕೇಳುವವರು ಇಲ್ಲದ ಒಬ್ಬರ ಮಾತಿನಲ್ಲಿ ತಪ್ಪನ್ನು ಅಲ್ಲಿಯೇ ತಿದ್ದುವವರೂ ಇರುವುದಿಲ್ಲ. ಕರಣ್ ಥಾಪರ್ ಅವರ ಸಂದರ್ಶನಗಳಲ್ಲಿ ರಾಜಕಾರಣಿ ಎದುರಿಗೆ ಕುಳಿತಿರುತ್ತಾನೆ. ಆತನ ಹಳೆಯ ಮಾತನ್ನು ಆತನ ಮುಂದೆಯೇ ಇಡಲಾಗುತ್ತದೆ. ಆತ ತಪ್ಪಿಸಿಕೊಳ್ಳುವುದನ್ನು ನೋಡುಗ ಕಣ್ಣಾರೆ ಕಾಣುತ್ತಾನೆ. ಕನ್ನಡದ ಕಿರುತೆರೆ ವ್ಯಾಖ್ಯಾನವನ್ನು ಬೆಳೆಸಿದಷ್ಟು ಈ ಮುಖಾಮುಖಿಯನ್ನು ಬೆಳೆಸಲಿಲ್ಲ. ರಾಜಕಾರಣಿಯನ್ನು ಕುರಿತು ಬಯ್ಯುವುದು ಹೆಚ್ಚಾಯಿತು, ರಾಜಕಾರಣಿಯನ್ನು ಕೇಳುವುದು ಕಡಿಮೆಯಾಯಿತು.

ಪ್ರಶ್ನಾರ್ಥಕ ಚಿಹ್ನೆಯ ಬಳಕೆ ಇನ್ನೊಂದು ದೋಷ. ಖಚಿತವಾಗದ ಸಂಗತಿಯನ್ನು ಪ್ರಶ್ನೆಯ ರೂಪದಲ್ಲಿ ತೆರೆಗೆ ತರುವುದು ಎಲ್ಲ ವಾಹಿನಿಗಳ ಅಭ್ಯಾಸ. 2020ರ ಏಪ್ರಿಲ್‌ನಲ್ಲಿ, ಕೊರೊನಾ ದಿಗ್ಬಂಧನದ ನಡುವೆ, ಸರಕಾರ ಹೆಲಿಕಾಪ್ಟರ್‌ನಿಂದ ಊರುಗಳ ಮೇಲೆ ಹಣ ಸುರಿಯುತ್ತದೆಯೇ ಎಂಬ ಧಾಟಿಯ ಕಾರ್ಯಕ್ರಮವನ್ನು ಪಬ್ಲಿಕ್ ಟಿವಿ ಪ್ರಸಾರ ಮಾಡಿತು. ಕೇಂದ್ರದ ಪತ್ರಿಕಾ ಮಾಹಿತಿ ಕಚೇರಿ ಅದನ್ನು ಸುಳ್ಳು ಸುದ್ದಿ ಎಂದು ಗುರುತಿಸಿ ವಾಹಿನಿಗೆ ನೋಟಿಸು ನೀಡಿತು. ‘ಹೆಲಿಕಾಪ್ಟರ್ ಹಣ’ ಎಂಬುದು ಮಿಲ್ಟನ್ ಫ್ರೀಡ್‌ಮನ್ ಬಳಕೆಗೆ ತಂದ ಅರ್ಥಶಾಸ್ತ್ರದ ಒಂದು ರೂಪಕ; ಸಂಕಷ್ಟದ ಕಾಲದಲ್ಲಿ ಜನರ ಕೈಗೆ ನೇರವಾಗಿ ಹಣ ತಲುಪಿಸಬೇಕೆ ಎಂಬ ಗಂಭೀರ ಚರ್ಚೆ ಅದರ ಹಿಂದಿದೆ. ಕೂಲಿ ತಪ್ಪಿ ಗೋವಾ, ಮಹಾರಾಷ್ಟ್ರಗಳಿಂದ ಹಿಂತಿರುಗುತ್ತಿದ್ದ ವಿಜಯಪುರ ಜಿಲ್ಲೆಯ ದುಡಿಯುವ ಜನರಿಗೆ ಅತ್ಯಂತ ಅಗತ್ಯವಾಗಿದ್ದ ಚರ್ಚೆಯೂ ಅದೇ. ರೂಪಕವು ದೃಶ್ಯವಾದಾಗ ಚರ್ಚೆ ಕಳೆದುಹೋಯಿತು. ಒಂದು ವಾಹಿನಿಯ ಒಂದು ದಿನದ ತಪ್ಪಿನಿಂದ ಇಡೀ ವೃತ್ತಿಜೀವನವನ್ನು ಅಳೆಯಲಾಗದು. ಆದರೆ ಈ ಪ್ರಸಂಗವು ಮಾಧ್ಯಮದ ಒಲವನ್ನು ಸ್ಪಷ್ಟವಾಗಿ ತೋರಿಸುತ್ತದೆ. ಕಾಣುವಂತೆ ಮಾಡಲಾಗದ್ದನ್ನು ಈ ಮಾಧ್ಯಮ ಯೋಚಿಸಲು ಒಲ್ಲದು.

ಘಟನೆ ಮತ್ತು ಕಾರಣ

2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ವಾರದಲ್ಲಿ ಉತ್ತರ ಕರ್ನಾಟಕ ಕಂಡ ಪ್ರವಾಹ ಭೀಕರವಾದುದು. ಬಿಜಾಪುರ ಜಿಲ್ಲೆಯೂ ಅದಕ್ಕೆ ತುತ್ತಾಯಿತು. ಸುದ್ದಿವಾಹಿನಿಗಳು ಹುಟ್ಟಿದ ಮೇಲೆ ಈ ಭಾಗದ ಹಳ್ಳಿಗಳು ಆ ಪ್ರಮಾಣದಲ್ಲಿ ತೆರೆಯ ಮೇಲೆ ಮೂಡಿದ್ದು ಆಗಲೇ. ಅದೇ ತಿಂಗಳ ಕೊನೆಗೆ ಬಳ್ಳಾರಿಯ ರೆಡ್ಡಿ ಸಹೋದರರ ಬಣ ಯಡಿಯೂರಪ್ಪನವರ ವಿರುದ್ಧ ಬಂಡೆದ್ದಿತು. ಶಾಸಕರು ಹೈದರಾಬಾದಿನ ರೆಸಾರ್ಟು ಸೇರಿದರು. ನವೆಂಬರ್ 9ರಂದು ಶೋಭಾ ಕರಂದ್ಲಾಜೆ ಸಂಪುಟದಿಂದ ಹೊರಬಂದರು. ಕ್ಯಾಮೆರಾಗಳು ಕೆಸರಿನಿಂದ ಎದ್ದು ರೆಸಾರ್ಟಿನ ಬಾಗಿಲಿಗೆ ಹೋದವು.

ಇಲ್ಲಿ ಗಮನಿಸಬೇಕಾದುದು ಈ ಎರಡೂ ಬೇರೆ ಬೇರೆ ಸುದ್ದಿಗಳಾಗಿರಲಿಲ್ಲ ಎಂಬುದನ್ನು. ನೆರೆ ಪರಿಹಾರಕ್ಕಾಗಿ ಅದಿರು ಸಾಗಿಸುವ ಪ್ರತಿ ಲಾರಿಯ ಮೇಲೆ 1,000 ರೂಪಾಯಿ ವಸೂಲಿ ಮಾಡುವ ಸರಕಾರದ ಪ್ರಸ್ತಾವವು ಆ ಬಂಡಾಯದ ಕಾರಣಗಳಲ್ಲಿ ಒಂದು. ಮುಳುಗಿದ ಹಳ್ಳಿಗೂ ರೆಸಾರ್ಟಿನ ಕೋಣೆಗೂ ನಡುವೆ ಇದ್ದ ಈ ನೂಲನ್ನು ಹಿಡಿದು ತೋರಿಸುವುದೇ ರಾಜಕೀಯ ಪತ್ರಕರ್ತನ ಕೆಲಸ. ಯಾರು ಯಾವ ಬಸ್ಸಿನಲ್ಲಿ ಹೋದರು ಎಂಬುದನ್ನು ಹೊಸ ವರದಿಗಾರನೂ ಹೇಳಬಲ್ಲ. ಅವರು ಹೋದದ್ದಕ್ಕೂ ಕೃಷ್ಣೆ, ಭೀಮೆ, ಡೋಣಿಯ ದಡದಲ್ಲಿ ಗುಡಿಸಲು ಕಳೆದುಕೊಂಡವನಿಗೂ ಏನು ಸಂಬಂಧ ಎಂಬುದನ್ನು ಹೇಳಲು ಹಿರಿಯನೇ ಬೇಕು. ರೆಸಾರ್ಟ್ ರಾಜಕಾರಣದ ವರದಿಗಾರಿಕೆಯಲ್ಲಿ ಕನ್ನಡ ವಾಹಿನಿಗಳು ತೋರಿದ ಚುರುಕುತನ ದೊಡ್ಡದು. ಕಾರಣಗಳ ನೂಲನ್ನು ಬಿಡಿಸುವಲ್ಲಿ ತೋರಿದ ಆಸಕ್ತಿ ಅಷ್ಟಿಲ್ಲ.

ಮಾಧ್ಯಮದ ಬಲವೇನೆಂಬುದನ್ನೂ ಮರೆಯುವಂತಿಲ್ಲ. 2012ರ ಫೆಬ್ರುವರಿಯಲ್ಲಿ ಸದನದೊಳಗೆ ಅಶ್ಲೀಲ ದೃಶ್ಯ ವೀಕ್ಷಣೆಯ ಪ್ರಕರಣ ಬಯಲಾದದ್ದು ಖಾಸಗಿ ವಾಹಿನಿಯ ಕ್ಯಾಮೆರಾದಿಂದ; ಮರುದಿನವೇ ಮೂವರು ಸಚಿವರು ರಾಜೀನಾಮೆ ನೀಡಿದರು. 2018ರ ಮೇ 19ರಂದು ವಿಶ್ವಾಸಮತದ ಕಲಾಪ ನೇರಪ್ರಸಾರವಾಗಬೇಕೆಂಬುದು ಸರ್ವೋಚ್ಚ ನ್ಯಾಯಾಲಯದ ಮುಂದೆಯೇ ಇತ್ಯರ್ಥವಾದ ಸಂಗತಿ. ಆ ದಿನ ಯಡಿಯೂರಪ್ಪನವರು ಮತಕ್ಕೆ ಮುನ್ನವೇ ರಾಜೀನಾಮೆ ಘೋಷಿಸಿದ್ದನ್ನು ನಾಡಿಗೆ ನಾಡೇ ನೋಡಿತು. 2019ರ ಜುಲೈ 23ರಂದು ಕುಮಾರಸ್ವಾಮಿ ಸರಕಾರ 99-105 ಮತಗಳಿಂದ ಬಿದ್ದದ್ದನ್ನೂ ಹಾಗೆಯೇ ಕಂಡಿತು. ಸದನ ಜನರ ಕಣ್ಣೆದುರು ನಡೆಯುವುದು ಪ್ರಜಾಪ್ರಭುತ್ವಕ್ಕೆ ಕಿರುತೆರೆ ನೀಡಿದ ದೊಡ್ಡ ಕೊಡುಗೆ.

ಆ ಕೊಡುಗೆಗೆ ಕತ್ತರಿ ಬಿದ್ದದ್ದು 2019ರ ಅಕ್ಟೋಬರ್‌ನಲ್ಲಿ. ಸಭಾಧ್ಯಕ್ಷ ವಿಶ್ವೇಶ್ವರ ಹೆಗಡೆ ಕಾಗೇರಿ ಅವರು ಖಾಸಗಿ ವಾಹಿನಿಗಳ ಕ್ಯಾಮೆರಾಗಳಿಗೆ ಸದನದೊಳಗೆ ನಿರ್ಬಂಧ ವಿಧಿಸಿದರು. ಪತ್ರಕರ್ತರು ಪ್ರತಿಭಟಿಸಿದರು. ಆ ಅಧಿವೇಶನದ ಮುಖ್ಯ ವಿಷಯ ಆಗಸ್ಟ್‌ನಲ್ಲಿ ಕೃಷ್ಣಾ ಕಣಿವೆಯನ್ನು ಮುಳುಗಿಸಿದ್ದ ನೆರೆಯ ಪರಿಹಾರ. ತನ್ನ ಪ್ರತಿನಿಧಿ ತನ್ನ ಪರವಾಗಿ ಬಾಯಿ ತೆರೆದನೇ, ತೆರೆದಾಗ ಎದುರಿನ ಕುರ್ಚಿಗಳಲ್ಲಿ ಎಷ್ಟು ಜನರಿದ್ದರು ಎಂಬುದನ್ನು ಸರಕಾರಿ ಕ್ಯಾಮೆರಾ ತೋರಿಸಿದಷ್ಟೇ ನದೀತೀರದವನು ಕಾಣಬೇಕಾಯಿತು. ಹೀಗೆ 1975ರ ಸರಕಾರಿ ತೆರೆ ಇನ್ನೊಂದು ಬಗೆಯಲ್ಲಿ ಮರಳಿತು. ಕ್ಯಾಮೆರಾ ಹೊರಗುಳಿದಾಗ ಪತ್ರಕರ್ತನಿಗೆ ಉಳಿಯುವುದು ಟಿಪ್ಪಣಿ ಪುಸ್ತಕ, ಕಡತ ಮತ್ತು ನೆನಪು. ಅಚ್ಚಿನ ಮನೆಯಿಂದ ಬಂದ ತಲೆಮಾರಿನ ಬಳಿ ಅವು ಇದ್ದವು. ಕ್ಯಾಮೆರಾದೊಂದಿಗೇ ವೃತ್ತಿ ಆರಂಭಿಸಿದವರಿಗೆ ಅದನ್ನು ಕಲಿಸಿಕೊಡುವ ಹೊಣೆಯೂ ಆ ತಲೆಮಾರಿನ ಮೇಲೆಯೇ ಬಿದ್ದಿದೆ.

ಕೊಲ್ಹಾರದ ಒರೆಗಲ್ಲು

ಪ್ರವಾಹ ಒಂದು ಘಟನೆ. ಮುಳುಗಡೆ ಒಂದು ಪ್ರಕ್ರಿಯೆ. ಕಿರುತೆರೆಗೆ ಮೊದಲನೆಯದು ಒಲಿಯುತ್ತದೆ, ಎರಡನೆಯದು ಒಲಿಯುವುದಿಲ್ಲ. ಆಲಮಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿ ಅವರು ಅಡಿಗಲ್ಲು ಇಟ್ಟದ್ದು 1964ರ ಮೇ 22ರಂದು. ಬಚಾವತ್ ನ್ಯಾಯಮಂಡಳಿಯ ಅಂತಿಮ ತೀರ್ಪು ಬಂದದ್ದು 1976ರಲ್ಲಿ. 1996ರಲ್ಲಿ ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿದ್ದಾಗ ಅಣೆಕಟ್ಟಿನ ಎತ್ತರವು ಸಂಯುಕ್ತ ರಂಗದ ಒಳಜಗಳವಾಗಿ, ಮುಖ್ಯಮಂತ್ರಿಗಳ ಸಮಿತಿಯ ಮುಂದೆ ಹೋಯಿತು. 2000ದ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ 519.60 ಮೀಟರ್ ಎತ್ತರಕ್ಕೆ ಒಪ್ಪಿಗೆ ನೀಡಿತು. 2006ರ ಆಗಸ್ಟ್‌ನಲ್ಲಿ ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಅಣೆಕಟ್ಟನ್ನು ನಾಡಿಗೆ ಸಮರ್ಪಿಸಿದರು. 2010ರ ಡಿಸೆಂಬರ್ 30ರಂದು ಎರಡನೆಯ ನ್ಯಾಯಮಂಡಳಿ 524.256 ಮೀಟರ್‌ಗೆ ಅನುಮತಿ ನೀಡಿತು. 2013ರ ನವೆಂಬರ್‌ನಲ್ಲಿ ಅದರ ಮುಂದಿನ ವರದಿ ಬಂದಿತು. ಆದರೆ ತೀರ್ಪಿನ ಅಧಿಸೂಚನೆ ಸರ್ವೋಚ್ಚ ನ್ಯಾಯಾಲಯದ ತಡೆಯಿಂದ ನಿಂತುಹೋಯಿತು. ಎತ್ತರ ಹೆಚ್ಚಿದರೆ 75 ಸಾವಿರಕ್ಕೂ ಹೆಚ್ಚು ಎಕರೆ ಜಮೀನು ನೀರಿಗೆ ಹೋಗಲಿದೆ. ಆ ಜಮೀನಿಗೆ ನೀರಾವರಿಯಾದರೆ ಎಕರೆಗೆ 40 ಲಕ್ಷ, ಒಣಬೇಸಾಯವಾದರೆ 30 ಲಕ್ಷ ರೂಪಾಯಿ ಪರಿಹಾರವೆಂದು ರಾಜ್ಯ ಸಂಪುಟ ತೀರ್ಮಾನಿಸಿದ್ದು 2025ರ ಸೆಪ್ಟೆಂಬರ್‌ನಲ್ಲಿ.

ಅಡಿಗಲ್ಲಿನಿಂದ ಈ ತೀರ್ಮಾನದವರೆಗೆ ಅರವತ್ತೊಂದು ವರ್ಷ. ಇಷ್ಟು ಉದ್ದದ ರಾಜಕೀಯ ಕಥನ ಕರ್ನಾಟಕದಲ್ಲಿ ಬೇರೆ ಹೆಚ್ಚಿಲ್ಲ. ಇದರಲ್ಲಿ ಒಂದೂರಿನ ಎರಡು ತಲೆಮಾರುಗಳು ಮನೆ ಕಟ್ಟಬೇಕೆ ಬೇಡವೆ, ಹೊಲಕ್ಕೆ ಬಾವಿ ತೋಡಬೇಕೆ ಬೇಡವೆ, ಮಗಳ ಮದುವೆಗೆ ಯಾವ ಆಸ್ತಿಯನ್ನು ನೆಚ್ಚಬೇಕು ಎಂದು ತಿಳಿಯದೆ ಕಳೆದಿವೆ. ಕಿರುತೆರೆಯ ವ್ಯಾಕರಣದಲ್ಲಿ ಈ ಕಾಯುವಿಕೆಗೆ ದೃಶ್ಯವಿಲ್ಲ. ಗೇಟು ತೆರೆದ ದಿನ, ಬಾಗಿನ ಅರ್ಪಿಸಿದ ದಿನ, ಹೆದ್ದಾರಿ ತಡೆದ ದಿನ, ದರ ಘೋಷಿಸಿದ ದಿನ ಮಾತ್ರ ಅದು ಸುದ್ದಿ. ಎರಡು ಸುದ್ದಿಗಳ ನಡುವಿನ ಹತ್ತು ವರ್ಷಗಳನ್ನು ಜೋಡಿಸಿ ಹೇಳುವವರು ಬೇಕು.

2013ರ ಜನವರಿಯಲ್ಲಿ ಕಾಂಗ್ರೆಸ್ ಪಕ್ಷ ಹೊಸಪೇಟೆಯಿಂದ ಕೂಡಲಸಂಗಮದವರೆಗೆ ಕೃಷ್ಣೆಯ ಹೆಸರಿನಲ್ಲಿ ಪಾದಯಾತ್ರೆ ನಡೆಸಿತು. ನೀರಾವರಿಗೆ ವರ್ಷಕ್ಕೆ 10 ಸಾವಿರ ಕೋಟಿ ರೂಪಾಯಿ ಎಂಬ ಭರವಸೆ ಆಗ ಕೇಳಿಬಂದಿತು. ಆ ಮಾತು ಕೃಷ್ಣಾ ಯೋಜನೆಗೆ ಮಾತ್ರವೇ ಅಥವಾ ರಾಜ್ಯದ ಒಟ್ಟು ನೀರಾವರಿಗೆ ಸಂಬಂಧಿಸಿದ್ದೇ ಎಂಬ ವಾದ ಮುಂದೆ ವರ್ಷಗಟ್ಟಲೆ ನಡೆಯಿತು. ಇತರ ಪಕ್ಷಗಳು ಈ ವಾದದಲ್ಲಿ ದೊಡ್ಡ ದನಿ ಎತ್ತಿದವು; ಆದರೆ ರಾಜ್ಯದ ಮೂರೂ ಪ್ರಮುಖ ಪಕ್ಷಗಳು 2006ರಿಂದೀಚೆಗೆ ಒಂದಲ್ಲ ಒಂದು ಹಂತದಲ್ಲಿ ಅಧಿಕಾರದ ಕುರ್ಚಿಯಲ್ಲಿ ಕುಳಿತಿದ್ದವು. ಇಂತಹ ವಿವಾದಕ್ಕೆ ಪತ್ರಿಕೆಯ ಕಾಲದಲ್ಲಿ ಸಾಕ್ಷಿ ಹೇಳುವುದು ಕಷ್ಟವಿತ್ತು. ‘ನಾನು ಹಾಗೆ ಹೇಳಿಲ್ಲ’ ಎಂದು ನಾಯಕ ಜಾರಿಕೊಳ್ಳಬಹುದಿತ್ತು. ಕಿರುತೆರೆಯ ಬಳಿ ಮಾತೇ ಇದೆ, ಮುಖವೂ ಇದೆ, ದಿನಾಂಕವೂ ಇದೆ. ಆ ಸಂಗ್ರಹವನ್ನು ಪ್ರತಿ ಬಜೆಟ್ಟಿನ ರಾತ್ರಿ ಹೊರತೆಗೆದು, ಮೂರೂ ಪಕ್ಷಗಳ ಮಾತುಗಳನ್ನು ಅಕ್ಕಪಕ್ಕ ಇಟ್ಟು ತೋರಿಸುವುದಕ್ಕೆ ಹೆಚ್ಚಿನ ವೆಚ್ಚವೇನೂ ಇಲ್ಲ. ಬೇಕಾದುದು ಯಾವ ಮಾತನ್ನು ಎಲ್ಲಿ ಹುಡುಕಬೇಕೆಂಬ ಅರಿವು. ಆ ಅರಿವಿಗೇ ಹಿರಿತನವೆಂದು ಹೆಸರು. ಕನ್ನಡದ ಸುದ್ದಿವಾಹಿನಿಗಳು ಹಳೆಯ ದೃಶ್ಯಗಳನ್ನು ಬಹುಮಟ್ಟಿಗೆ ಚುನಾವಣೆಯ ಹೊತ್ತಿನ ಕೆಣಕುಮಾತಿಗೆ ಬಳಸಿಕೊಂಡಿವೆ. ಹೊಣೆಗಾರಿಕೆಯ ಲೆಕ್ಕಪುಸ್ತಕವಾಗಿ ಬಳಸಿದ್ದು ಕಡಿಮೆ.

‘ಬೆಳಕು’ ಮತ್ತು ಅದರ ನೆರಳು

ರಂಗನಾಥ್ ಅವರ ಕಾರ್ಯಕ್ರಮಗಳಲ್ಲಿ ‘ಬೆಳಕು’ ವಿಶೇಷ ಪ್ರಸ್ತಾಪಕ್ಕೆ ಅರ್ಹವಾದುದು. ಕಷ್ಟದಲ್ಲಿರುವ ಸಾಮಾನ್ಯರು ಸ್ಟುಡಿಯೋಗೆ ಬಂದು ತಮ್ಮ ಅಹವಾಲು ಹೇಳಿಕೊಳ್ಳುತ್ತಾರೆ. ಸಂಬಂಧಪಟ್ಟ ಅಧಿಕಾರಿಗೋ ಜನಪ್ರತಿನಿಧಿಗೋ ಅಲ್ಲಿಂದಲೇ ದೂರವಾಣಿ ಕರೆ ಹೋಗುತ್ತದೆ. ನೆರವಿನ ಭರವಸೆ ಎಲ್ಲರ ಎದುರಿಗೇ ದೊರೆಯುತ್ತದೆ. ರಾಜಕೀಯ ಪತ್ರಕರ್ತನೊಬ್ಬ ತನ್ನ ಪ್ರಭಾವವನ್ನು ವೈಯಕ್ತಿಕ ಲಾಭಕ್ಕೆ ಬಳಸುವ ಬದಲು ದಿಕ್ಕಿಲ್ಲದವರ ಕಡೆಗೆ ತಿರುಗಿಸಿದ ಈ ಪ್ರಯೋಗದಲ್ಲಿ ಮಾನವೀಯತೆಯಿದೆ. ಅನೇಕ ಮನೆಗಳಿಗೆ ಇದರಿಂದ ಆಸರೆ ದೊರೆತಿರುವುದನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು.

ಆದರೂ ವಿಮರ್ಶೆ ಒಂದು ಹೆಜ್ಜೆ ಮುಂದೆ ಹೋಗಬೇಕಾಗುತ್ತದೆ. ತಹಶೀಲ್ದಾರ ಕಚೇರಿಯಲ್ಲಿ ವರ್ಷಗಟ್ಟಲೆ ಕದಲದ ಅರ್ಜಿ ಒಂದು ಕರೆಯಿಂದ ಕದಲಿತು ಎಂದರೆ, ಕದಲಿಸದೆ ಇದ್ದವರು ಯಾರು, ಏಕೆ ಎಂಬ ಪ್ರಶ್ನೆ ಉಳಿಯುತ್ತದೆ. ಒಬ್ಬನ ಅರ್ಜಿ ತೆರೆಗೆ ಬಂದು ಇತ್ಯರ್ಥವಾದಾಗ ಅದೇ ಕಟ್ಟಿನಲ್ಲಿರುವ ಉಳಿದ ನೂರು ಅರ್ಜಿಗಳು ಅಲ್ಲಿಯೇ ಇರುತ್ತವೆ. ಮುಳುಗಡೆ ಸಂತ್ರಸ್ತರ ಬವಣೆ ಈ ಬಗೆಯದು. ಅದು ಒಬ್ಬ ವ್ಯಕ್ತಿಯ ದುರದೃಷ್ಟವಲ್ಲ. ಕಾನೂನು, ದರನಿಗದಿ, ನ್ಯಾಯಾಲಯದ ವಿಳಂಬ, ಅನುದಾನದ ಕೊರತೆ ಇವುಗಳಿಂದ ಹುಟ್ಟಿದ ಸಾಮೂಹಿಕ ಸ್ಥಿತಿ. 2013ರ ಭೂಸ್ವಾಧೀನ ಕಾಯ್ದೆ 2014ರ ಜನವರಿ 1ರಂದು ಜಾರಿಯಾದ ಮೇಲೆ ಅದರ ಹಿಂದಿನ ಮತ್ತು ಅನಂತರದ ಸಂತ್ರಸ್ತರ ನಡುವೆ ಎದ್ದ ಪರಿಹಾರದ ಅಂತರವನ್ನು ಯಾವ ದೂರವಾಣಿ ಕರೆಯೂ ಮುಚ್ಚಲಾರದು. ‘ಬೆಳಕು’ ಬೀಳುವ ವ್ಯಕ್ತಿಗೆ ನ್ಯಾಯ ದೊರೆಯುತ್ತದೆ. ಅದರ ನೆರಳಿನಲ್ಲಿ ವ್ಯವಸ್ಥೆ ಪ್ರಶ್ನೆಯಿಂದ ಪಾರಾಗುತ್ತದೆ. ನಾಗರಿಕನ ಹಕ್ಕು ನಿರೂಪಕನ ಕೃಪೆಯಾಗಿ ಕಾಣತೊಡಗುವುದು ಆರೋಗ್ಯಕರವಲ್ಲ. ಬಂದ ಅಹವಾಲುಗಳನ್ನೆಲ್ಲ ಇಲಾಖೆವಾರು, ತಾಲೂಕುವಾರು ಕ್ರೋಡೀಕರಿಸಿದರೆ ಅದೇ ಕಾರ್ಯಕ್ರಮ ರಾಜ್ಯದ ಆಡಳಿತದ ಮೇಲೆ ಅತ್ಯಂತ ಪ್ರಬಲವಾದ ರಾಜಕೀಯ ವರದಿಯಾಗಬಲ್ಲದು. ಕರುಣೆಯಿಂದ ವರದಿಗೆ ಸಾಗುವ ಆ ದಾರಿ ಇನ್ನೂ ತೆರೆದೇ ಇದೆ.

ಉಪಸಂಹಾರ

ಒಟ್ಟಾರೆಯಾಗಿ ನೋಡಿದಾಗ, ಎಚ್.ಆರ್. ರಂಗನಾಥ್ ಅವರ ವೃತ್ತಿಜೀವನವು ಕನ್ನಡ ಕಿರುತೆರೆಯ ರಾಜಕೀಯ ಪತ್ರಿಕೋದ್ಯಮದ ಶಕ್ತಿಯನ್ನೂ ಮಿತಿಯನ್ನೂ ಒಟ್ಟಿಗೆ ತೋರಿಸುತ್ತದೆ. ಸಂಪಾದಕನೊಬ್ಬ ತನ್ನದೇ ವೇದಿಕೆಯನ್ನು ಕಟ್ಟಿ ನಿಲ್ಲಿಸಬಹುದೆಂಬುದನ್ನು ಅವರು ಸಾಧಿಸಿ ತೋರಿಸಿದರು. ರಾಜಕಾರಣವನ್ನು ಕಟ್ಟೆಯ ಭಾಷೆಗೆ ಇಳಿಸಿದರು. ಅಚ್ಚಿನ ಲೋಕದ ನೆನಪನ್ನು ತೆರೆಗೆ ತಂದರು. ಇವು ಕಡಿಮೆ ಸಾಧನೆಗಳಲ್ಲ. ಹಾಗೆಯೇ, ದಿನದ ಘಟನೆಯ ಒತ್ತಡ, ಎಣಿಕೆಯ ಯಂತ್ರದ ಒತ್ತಡ, ಒಬ್ಬರೇ ಮಾತನಾಡುವ ರೂಪದ ಒತ್ತಡ ಇವು ಮೂರೂ ಸೇರಿ ಆ ನೆನಪಿನ ಬಂಡವಾಳವನ್ನು ಬಡ್ಡಿಯ ಜೊತೆಗೆ ಅಸಲಿನಲ್ಲಿಯೂ ಖರ್ಚು ಮಾಡಿಸುತ್ತ ಬಂದಿವೆ. ಇದು ಒಬ್ಬ ವ್ಯಕ್ತಿಯ ದೋಷವಲ್ಲ; ಒಂದು ಮಾಧ್ಯಮದ ಸ್ವಭಾವ. ಸ್ವಭಾವಕ್ಕೆ ಎದುರಾಗಿ ಈಜಬಲ್ಲವನನ್ನೇ ಹಿರಿಯ ಎನ್ನಬೇಕಾಗುತ್ತದೆ.

ಅರವತ್ತು ವರ್ಷಗಳಲ್ಲಿ ಆಲಮಟ್ಟಿಯ ಎತ್ತರವನ್ನು ಕುರಿತು ಮಾತು ಕೊಟ್ಟವರು ಅನೇಕರು. ಆ ಮಾತನ್ನು ನೆನಪಿಟ್ಟವರು ಹಿನ್ನೀರಿನ ದಡದಲ್ಲಿರುವವರು ಮಾತ್ರ. ಕೊಲ್ಹಾರದ ಮುಳುಗಡೆ ಸಂತ್ರಸ್ತನಿಗೆ ಯಾವ ಮುಖ್ಯಮಂತ್ರಿ ಯಾವ ವರ್ಷ ಏನು ಹೇಳಿದ ಎಂಬುದು ಮೀಟರು, ಎಕರೆ, ರೂಪಾಯಿಗಳ ಸಮೇತ ಬಾಯಿಪಾಠ. ಅವನಿಗಿರುವಷ್ಟು ನೆನಪು ಅವನ ಮನೆಯ ಟಿವಿಯಲ್ಲಿ ಮಾತನಾಡುವವನಿಗೂ ಇರಬೇಕು. ಇದ್ದು, ಅದು ಅಧಿಕಾರದಲ್ಲಿರುವವನ ಮುಖದೆದುರು ಪ್ರಶ್ನೆಯಾಗಬೇಕು. ಕನ್ನಡದ ಕಿರುತೆರೆಯ ಹಿರಿಯ ರಾಜಕೀಯ ಪತ್ರಕರ್ತರ ಸಾಧನೆಯನ್ನು ಮುಂದಿನ ಸಂಶೋಧಕರು ಅಳೆಯಬೇಕಾದುದು ಈ ಅಳತೆಗೋಲಿನಿಂದಲೇ.